ನರಗುಂದದ ದೊರೆ, ನಾಟಿಲಸ್‌ನ ನಾಯಕ

ಸಮುದ್ರದ ತಳದಲ್ಲಿ ನಾಟಿಲಸ್ ಎಂಬ ಜಲಾಂತರ್ಗಾಮಿ ನಡೆಸುವ ಕ್ಯಾಪ್ಟನ್ ನೀಮೊ ಯಾರು? 1869-70ರಲ್ಲಿ ಜೂಲ್ಸ್ ವರ್ನ್‌ನ ಕಾದಂಬರಿ ಹೊರಬಂದಾಗ ಓದುಗರಿಗೆ ಇದರ ಉತ್ತರ ಸಿಗಲಿಲ್ಲ. ರಷ್ಯಾದ ಮೇಲೆ 1863ರಲ್ಲಿ ದಂಗೆಯೆದ್ದ ಪೋಲೆಂಡಿನ ಕುಲೀನನೊಬ್ಬನನ್ನು ನಾಯಕನನ್ನಾಗಿ ಮಾಡಬೇಕೆಂದು ವರ್ನ್‌ಗೆ ಇತ್ತು. ಪ್ರಕಾಶಕ ಎಟ್ಜೆಲ್ ಅದಕ್ಕೆ ಒಪ್ಪಲಿಲ್ಲ. ಗುಟ್ಟು ಬಿಚ್ಚಿದ್ದು 1874-75ರ 'ನಿಗೂಢ ದ್ವೀಪ'ದಲ್ಲಿ. ನೀಮೊ ಬುಂದೇಲಖಂಡದ ರಾಜಕುಮಾರ ಡಕ್ಕರ್. ಟಿಪ್ಪು ಸುಲ್ತಾನನ ಬಂಧು. 1857ರ ದಂಗೆಯಲ್ಲಿ ಸೋತು, ಎಲ್ಲವನ್ನೂ ಕಳೆದುಕೊಂಡು ಕಡಲು ಸೇರಿದವನು. 1799ರಲ್ಲಿ ಮಡಿದ ಟಿಪ್ಪುವಿಗೂ ಬುಂದೇಲಖಂಡದ ಮನೆತನಕ್ಕೂ ಈ ನಂಟು ಹೇಗೆ ಕೂಡಿತು ಎಂದು ವಂಶಾವಳಿ ಹಿಡಿದು ಕೇಳಿದರೆ ಲೆಕ್ಕ ಸರಿಹೋಗದು. ಬ್ರಿಟಿಷರ ಎದುರು ಬಾಗದ ಒಂದು ಹೆಸರು ವರ್ನ್‌ಗೆ ಬೇಕಾಗಿತ್ತು. ಅದು ಅವನಿಗೆ ಕನ್ನಡ ನಾಡಿನಲ್ಲಿ ಸಿಕ್ಕಿತು.

ನವಲಗುಂದದ ಕಡೆಯವರು ಈ ಕಥೆ ಓದುವಾಗ ಪಕ್ಕದ ನರಗುಂದದ ಗುಡ್ಡವನ್ನು ನೆನೆಯಬೇಕು. ಇಂದು ಗದಗ ಜಿಲ್ಲೆಗೆ ಸೇರಿದ ನರಗುಂದ 1997ರವರೆಗೂ ಧಾರವಾಡ ಜಿಲ್ಲೆಯದೇ. ಅಲ್ಲಿನ ದೊರೆ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಆ ಕಾಲದ ಸಂಸ್ಥಾನಿಕರಲ್ಲೇ ಓದಿಕೊಂಡವನು ಎಂದು ಹೆಸರಾಗಿದ್ದ. ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹ ಅವನ ಅರಮನೆಯಲ್ಲಿತ್ತು. ಮಕ್ಕಳಿರಲಿಲ್ಲ, ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಒಪ್ಪಿಗೆ ಕೊಡಲಿಲ್ಲ. 1858ರ ಮೇ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಸುರೇಬಾನದಲ್ಲಿ ತಂಗಿದ್ದ ರಾತ್ರಿ ಬಾಬಾಸಾಹೇಬನ ಜನ ಅವನನ್ನು ಕೊಂದು, ತಲೆಯನ್ನು ತಂದು ನರಗುಂದದ ಅಗಸಿಯಲ್ಲಿ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಯಾತ್ರಿಕನ ವೇಷದಲ್ಲಿ ಹೊರಟಿದ್ದ ದೊರೆ ಸಿಕ್ಕಿಬಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಮುಳುಗಿ ಪ್ರಾಣ ಬಿಟ್ಟರು.

ನಾಟಿಲಸ್‌ನಲ್ಲಿ 12,000 ಪುಸ್ತಕಗಳ ಗ್ರಂಥಾಲಯವಿದೆ. ಅದರ ಒಡೆಯ ದೇಶ, ಹೆಂಡತಿ, ಮಕ್ಕಳು, ತಂದೆತಾಯಿ ಎಲ್ಲರನ್ನೂ ಕಳೆದುಕೊಂಡವನು. ವರ್ನ್ ನರಗುಂದವನ್ನು ನೋಡಿ ನೀಮೊನನ್ನು ಕಟ್ಟಿದ ಎಂದು ನಾನು ಹೇಳುತ್ತಿಲ್ಲ. ಅವನು ಕಲ್ಪಿಸಿದ ಮನುಷ್ಯ ನಮ್ಮ ಸೀಮೆಯಲ್ಲಿ ನಿಜವಾಗಿಯೂ ಬದುಕಿದ್ದ ಎಂಬುದಷ್ಟೇ ನನ್ನ ಮಾತು. ಬಾಬಾಸಾಹೇಬನಿಗೆ ತಪ್ಪಿಸಿಕೊಳ್ಳಲು ಜಲಾಂತರ್ಗಾಮಿ ಇರಲಿಲ್ಲ.

ವೈಜ್ಞಾನಿಕ ಕಾದಂಬರಿಯೆಂದರೆ ನಾಳಿನ ಕಥೆ ಎಂಬ ನಂಬಿಕೆ ಬಲವಾಗಿದೆ. ಈ ಪ್ರಕಾರದ ದೊಡ್ಡ ಕೃತಿಗಳನ್ನು ಬಂದ ಕ್ರಮದಲ್ಲಿ ಓದುತ್ತ ಹೋದರೆ, ಸೋತವರ, ಆಳಿಸಿಕೊಂಡವರ ಇತಿಹಾಸವೇ ಮತ್ತೆ ಮತ್ತೆ ತಲೆ ಎತ್ತುತ್ತದೆ. ಎಚ್.ಜಿ. ವೆಲ್ಸ್ ಇದನ್ನು ಮುಚ್ಚಿಡಲಿಲ್ಲ. 1898ರಲ್ಲಿ ಪುಸ್ತಕವಾಗಿ ಬಂದ 'ದಿ ವಾರ್ ಆಫ್ ದ ವರ್ಲ್ಡ್ಸ್'ನ ಮೊದಲ ಅಧ್ಯಾಯದಲ್ಲೇ, ಮಂಗಳವಾಸಿಗಳನ್ನು ಕ್ರೂರಿಗಳೆಂದು ಬೈಯುವ ಮೊದಲು ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಯುರೋಪಿನ ವಲಸಿಗರು ಮಾಡಿದ್ದನ್ನು ನೆನೆಯಿರಿ ಎನ್ನುತ್ತಾನೆ. ಲಂಡನ್ ಜನ ಅನ್ಯಲೋಕದ ತೋಪಿಗೆ ಹೆದರಿ ಓಡುವಾಗ, ಸಾಮ್ರಾಜ್ಯ ತಾನು ಬೇರೆಯವರಿಗೆ ಮಾಡಿದ್ದನ್ನು ತಾನೇ ಉಣ್ಣುತ್ತದೆ.

ಮುಂದಿನ ತಲೆಮಾರಿನಲ್ಲಿ ದಂಗೆಯ ಬದಲು ಪತನ ಮುಖ್ಯವಾಯಿತು. ಐಸಾಕ್ ಅಸಿಮೋವ್ 1942ರಿಂದ ಪತ್ರಿಕೆಯಲ್ಲಿ ಬರೆಯತೊಡಗಿದ 'ಫೌಂಡೇಶನ್' ಕಥೆಗಳ ಹಿಂದೆ ರೋಮ್ ಸಾಮ್ರಾಜ್ಯದ ಅವನತಿಯ ಬಗ್ಗೆ ಗಿಬ್ಬನ್ ಬರೆದ ಇತಿಹಾಸವಿದೆ. ಸಾಮ್ರಾಜ್ಯ ಕುಸಿಯುವುದು ಖಚಿತ ಎಂದು ಕಂಡ ಹ್ಯಾರಿ ಸೆಲ್ಡನ್, 30,000 ವರ್ಷದ ಕತ್ತಲನ್ನು 1,000ಕ್ಕೆ ಇಳಿಸಲು ವಿಶ್ವಕೋಶ ಬರೆಯುವ ನೆಪದಲ್ಲಿ ವಿದ್ವಾಂಸರನ್ನು ಗಡಿಯ ಗ್ರಹವೊಂದಕ್ಕೆ ಕಳಿಸುತ್ತಾನೆ. ಇಂಥ ಕೋಶವನ್ನೂ ಇಂಥ ಕುಸಿತವನ್ನೂ ಕಾಣಲು ರೋಮ್‌ವರೆಗೆ ಹೋಗಬೇಕಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ'ವನ್ನು ಬರೆದ. ರಾಜನೀತಿ, ಆನೆಯ ಚಿಕಿತ್ಸೆ, ಅಡುಗೆ, ಸಂಗೀತ, ಆಟಪಾಟ ಎಲ್ಲವೂ ಇರುವ ನೂರು ಅಧ್ಯಾಯಗಳ ಕೋಶ ಅದು. ಮೂರು ದಶಕ ಕಳೆಯುವುದರೊಳಗೆ ಕಲ್ಯಾಣ ಕಲಚುರಿ ಬಿಜ್ಜಳನ ಕೈಸೇರಿತ್ತು. 1180ರ ದಶಕದಲ್ಲಿ ನಾಲ್ಕನೆಯ ಸೋಮೇಶ್ವರ ಉಳಿದ ರಾಜ್ಯವನ್ನು ಕಟ್ಟಿಕೊಳ್ಳಲು ಹೆಣಗಿದ್ದು ಅಣ್ಣಿಗೇರಿಯಿಂದ. ಆ ದಶಕ ಮುಗಿಯುವಾಗ ದಕ್ಷಿಣದಿಂದ ಹೊಯ್ಸಳರು, ಉತ್ತರದಿಂದ ಸೇವುಣರು ಬಂದು ಎಲ್ಲವನ್ನೂ ಹಂಚಿಕೊಂಡರು. ಅಣ್ಣಿಗೇರಿಯ ಅಮೃತೇಶ್ವರ ಗುಡಿಯ 76 ಕಂಬಗಳ ಮಂಟಪದಲ್ಲಿ ನಿಂತು ತಿರುಗಣೆಗೆ ಹಾಕಿ ನುಣುಪು ಮಾಡಿದ ಆ ಕರಿಗಲ್ಲನ್ನು ಮುಟ್ಟಿ ನೋಡಿ. ಕಡೆಯ ಚಾಲುಕ್ಯ ದೊರೆ ಇಲ್ಲಿಗೆ ಬರುವ ಹೊತ್ತಿಗೇ ಈ ಗುಡಿಗೆ ನೂರು ವರ್ಷ ದಾಟಿತ್ತು.

ಕಲ್ಯಾಣದ ಕಥೆಗೆ ಇನ್ನೊಂದು ಕೊಂಡಿಯಿದೆ. ವಾಲ್ಟರ್ ಮಿಲ್ಲರ್ 1944ರ ಫೆಬ್ರವರಿಯಲ್ಲಿ ಇಟಲಿಯ ಮೊಂಟೆ ಕಸ್ಸಿನೊ ಮಠದ ಮೇಲೆ ಬಾಂಬ್ ಸುರಿದ ಅಮೆರಿಕದ ವಿಮಾನದಳದಲ್ಲಿದ್ದವನು. ಆ ನೆನಪೇ 'ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಸ್' ಕಾದಂಬರಿಯಾಯಿತು. ಅಣುಯುದ್ಧದ ನಂತರ ಜನ ಪುಸ್ತಕಗಳನ್ನು ಸುಡುವಾಗ ಸನ್ಯಾಸಿಗಳು ಅವನ್ನು ಬಚ್ಚಿಟ್ಟು, ಅರ್ಥವಾಗದಿದ್ದರೂ ಭಕ್ತಿಯಿಂದ ನಕಲು ಮಾಡುತ್ತ ಕೂರುತ್ತಾರೆ. ಬಿಜ್ಜಳನ ಕೊನೆಗಾಲದಲ್ಲಿ ಚದುರಿದ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದು ನಮ್ಮಲ್ಲಿ ಇಂದಿಗೂ ಹೇಳುತ್ತಾರೆ. ಮಠಗಳಲ್ಲಿ, ಮನೆಯ ಅಟ್ಟಗಳಲ್ಲಿ ಉಳಿದ ಆ ತಾಡೋಲೆಗಳನ್ನು ಹುಡುಕಿ ಅಚ್ಚಿಗೆ ತಂದವರು ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು. 'ವಚನಶಾಸ್ತ್ರಸಾರ' 1923ರಲ್ಲಿ ಬಂತು. ಮಿಲ್ಲರ್‌ನ ಸನ್ಯಾಸಿಗಳು ಶತಮಾನಗಟ್ಟಲೆ ಕಾಯ್ದರು. ನಮ್ಮ ಓಲೆಗಳು ಏಳು ಶತಮಾನಕ್ಕೂ ಹೆಚ್ಚು ಕಾಲ ಕಾಯ್ದವು.

ಅರವತ್ತರ ದಶಕದಲ್ಲಿ ಈ ಪ್ರಕಾರ ನೆಲ, ನೀರು, ಬೆಳೆಗೆ ಇಳಿಯಿತು. ಫ್ರಾಂಕ್ ಹರ್ಬರ್ಟ್‌ನ 'ಡ್ಯೂನ್' (1965) ನೀರಿಲ್ಲದ ಗ್ರಹದ ಕಥೆ. ಕಾಕಸಸ್ ಬೆಟ್ಟಗಳಲ್ಲಿ ರಷ್ಯಾದ ಜಾರ್ ವಿರುದ್ಧ ಕಾದಾಡಿ 1859ರಲ್ಲಿ ಶರಣಾದ ಇಮಾಮ್ ಶಮಿಲ್‌ನ ಬಗ್ಗೆ ಲೆಸ್ಲಿ ಬ್ಲಾಂಚ್ ಬರೆದ ಪುಸ್ತಕದಿಂದ ಹರ್ಬರ್ಟ್ ಸಾಕಷ್ಟು ತೆಗೆದುಕೊಂಡ. ಮಹದಾಯಿ ನದಿಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ಸೀಮೆಯವರಿಗೆ ಒಂದೊಂದು ಹನಿಗೆ ಲೆಕ್ಕವಿಡುವ ಆ ಗ್ರಹದ ಜನ ಅಪರಿಚಿತರೆನಿಸಲಾರರು.

ನನಗೆ ಇವೆಲ್ಲಕ್ಕಿಂತ ಹತ್ತಿರದ್ದು ರಾಬರ್ಟ್ ಹೈನ್‌ಲೈನ್‌ನ 1966ರ ಕಾದಂಬರಿ, 'ದಿ ಮೂನ್ ಈಸ್ ಎ ಹಾರ್ಶ್ ಮಿಸ್ಟ್ರೆಸ್'. ಗಡೀಪಾರಾದ ಕೈದಿಗಳೂ ಅವರ ಮಕ್ಕಳೂ ಚಂದ್ರನಲ್ಲಿ ನೆಲದಡಿಯ ಮಂಜುಗಡ್ಡೆ ಕರಗಿಸಿ ಗೋದಿ ಬೆಳೆಯುತ್ತಾರೆ. ಅದು ಭೂಮಿಗೆ, ಅದರಲ್ಲೂ ಹಸಿದ ಭಾರತಕ್ಕೆ ರವಾನೆಯಾಗುತ್ತದೆ. ದರ ಕಟ್ಟುವುದು ಮೇಲಿನ ಆಡಳಿತ, ನೀರಿಗೆ ದುಡ್ಡು ಕೇಳುವುದೂ ಅದೇ. ಹೀಗೇ ನಡೆದರೆ ಕೆಲವೇ ವರ್ಷಗಳಲ್ಲಿ ಚಂದ್ರನ ಮೇಲೆ ಅನ್ನಕ್ಕಾಗಿ ಗಲಭೆ ಎಂದು ಗಣಕಯಂತ್ರ ಲೆಕ್ಕ ಹಾಕಿ ಹೇಳುತ್ತದೆ. ದಂಗೆಕೋರರು 2076ರ ಜುಲೈ 4ರಂದು ಸ್ವಾತಂತ್ರ್ಯ ಸಾರುತ್ತಾರೆ. ಹೈನ್‌ಲೈನ್‌ನ ಕಣ್ಣು ಅಮೆರಿಕದ 1776ರ ಮೇಲಿತ್ತು. ಅವನು ಇದನ್ನು ಬರೆಯುವಾಗ ಭಾರತಕ್ಕೆ ಪಿಎಲ್-480 ಆಹಾರ ನೆರವಿನ ಗೋದಿಯ ಹಡಗುಗಳು ಅಮೆರಿಕದಿಂದಲೇ ಬರುತ್ತಿದ್ದವು.

ಹದಿನಾಲ್ಕು ವರ್ಷದ ನಂತರ ಈ ಕಥೆಯ ತಿರುಳು ನವಲಗುಂದದ ಎರಿ ಹೊಲದಲ್ಲಿ ನಡೆಯಿತು. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭಾ ಕಾಲುವೆ ಬಂತು. ಬಿಳಿಜೋಳ, ಕಡಲೆ ಬೆಳೆಯುತ್ತಿದ್ದ ರೈತರು ಹತ್ತಿಗೆ ತಿರುಗಿದರು. ಧಾರವಾಡದಲ್ಲೇ 1972ರಲ್ಲಿ ಹೊರಬಂದ ವರಲಕ್ಷ್ಮಿ ತಳಿ ಮೊದಲು ಕೈತುಂಬ ದುಡ್ಡು ಕೊಟ್ಟಿತು; ಆಮೇಲೆ ದರ ನೆಲಕಚ್ಚಿತು. ಬೀಜ, ಗೊಬ್ಬರ, ಔಷಧದ ಸಾಲ ಮಾತ್ರ ಹಾಗೇ ಉಳಿಯಿತು. ಅದರ ಮೇಲೆ ಬೆಟರ್‌ಮೆಂಟ್ ಲೆವಿ: ಕಾಲುವೆ ಬಂದುದರಿಂದ ಹೊಲದ ಬೆಲೆ ಏರಿದೆ, ಅದಕ್ಕೆ ಕರ ಕಟ್ಟಿ ಎಂಬ ನೋಟಿಸು. ಕಾಲುವೆಯ ಕೊನೆಯಲ್ಲಿ ನೀರನ್ನೇ ಕಾಣದವರಿಗೂ ಆ ನೋಟಿಸು ಬಂತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು, ಜೀವಗಳು ಹೋದವು. ಆ ಕಿಚ್ಚಿನಿಂದಲೇ ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಪ್ರತಿ ಜುಲೈ 21ಕ್ಕೆ ಹುತಾತ್ಮ ರೈತರ ವೀರಗಲ್ಲಿಗೆ ಇಂದಿಗೂ ಮಾಲೆ ಬೀಳುತ್ತದೆ. ಕಾದಂಬರಿಯ ಚಂದ್ರವಾಸಿಗಳು ಗೆದ್ದು ಬೇರೆ ರಾಷ್ಟ್ರ ಕಟ್ಟಿದರು. ನಮ್ಮವರು 2016ರ ಜುಲೈನಲ್ಲಿ ನೀರಿಗಾಗಿ ಮತ್ತೆ ಬೀದಿಗಿಳಿಯಬೇಕಾಯಿತು; 7.56 ಟಿಎಂಸಿ ಮಹದಾಯಿ ನೀರಿನ ಮಧ್ಯಂತರ ಅರ್ಜಿಯನ್ನು ನ್ಯಾಯಾಧಿಕರಣ ತಳ್ಳಿಹಾಕಿತ್ತು.

ಈ ಪ್ರಕಾರದಲ್ಲಿ ಇತಿಹಾಸವನ್ನು ಕೈಗೆತ್ತಿಕೊಂಡ ಭಾರತೀಯ ಲೇಖಕರಲ್ಲಿ ಜಯಂತ ನಾರಳೀಕರರನ್ನು ಹೆಸರಿಸಲೇಬೇಕು. ಅವರ ಒಂದು ಕಥೆಯಲ್ಲಿ ಪ್ರೊಫೆಸರ್ ಗಂಗಾಧರಪಂತ 1761ರ ಪಾಣಿಪತ್‌ನಲ್ಲಿ ಮರಾಠರು ಗೆದ್ದ ಇನ್ನೊಂದು ಜಗತ್ತನ್ನು ಹೊಗುತ್ತಾರೆ. ಪಾಣಿಪತ್‌ನ ಸೋಲಿನ ಹಿಂದೆಯೇ ಹೈದರಾಲಿಯ ಸೈನ್ಯ ಈ ಭಾಗಕ್ಕೆ ನುಗ್ಗಿತ್ತು; ಹಾಗಾಗಿ ಅದು ನಮ್ಮ ಊರುಗಳ ಕಥೆಯೂ ಹೌದು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಈ ಪ್ರಕಾರಕ್ಕೆ ಓದುಗರನ್ನು ಗಳಿಸಿಕೊಟ್ಟರು. ಮನು ಅವರ 'ಮಹಾಸಂಪರ್ಕ' ಮಹಾಭಾರತವನ್ನು ಅನ್ಯಗ್ರಹದ ನಂಟಿನಿಂದ ನೋಡಿತು. ಕೆ.ಎನ್. ಗಣೇಶಯ್ಯನವರು 'ಕರಿಸಿರಿಯಾನ'ದಂಥ ಕೃತಿಗಳಲ್ಲಿ ಇತಿಹಾಸ ಮತ್ತು ವಿಜ್ಞಾನವನ್ನು ಹೆಣೆದರು. ಇವರಿಗೆಲ್ಲ ನಾವು ಋಣಿಗಳು. ಆದರೂ ನಮ್ಮ ವೈಜ್ಞಾನಿಕ ಕಥನ ಪುರಾಣ, ನಿಧಿ, ಆಕಾಶನೌಕೆಗಳಿಗೆ ಕೊಟ್ಟಷ್ಟು ಗಮನವನ್ನು ಲೆವಿ ನೋಟಿಸಿಗೆ, ಕಾಲುವೆಗೆ, ಬಿದ್ದ ಸಂಸ್ಥಾನಕ್ಕೆ ಕೊಟ್ಟಿಲ್ಲವೆಂದೇ ನನ್ನ ಅಭಿಪ್ರಾಯ.

ಸಾಮಗ್ರಿಗೆ ಬರವಿಲ್ಲ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಕೆಲಸ ನಡೆದಾಗ ಸಾಲಾಗಿ ಜೋಡಿಸಿಟ್ಟ ನೂರಾರು ಮನುಷ್ಯರ ತಲೆಬುರುಡೆಗಳು ಕಂಡವು. ಯುದ್ಧವೋ, ಬರಗಾಲವೋ ಎಂದು ಊರೆಲ್ಲ ಚರ್ಚೆಯಾಯಿತು. ವೆಲ್ಸ್‌ನ ಕೈಗೆ ಸಿಕ್ಕಿದ್ದರೆ ಅದೊಂದರಿಂದಲೇ ಕಾದಂಬರಿ ಎದ್ದೇಳುತ್ತಿತ್ತು. ನವಲಗುಂದ, ಕುಂದಗೋಳ, ಕಲಘಟಗಿಯ ಕಾಲೇಜುಗಳಲ್ಲಿ ಓದುತ್ತಿರುವ, ಬರೆಯುವ ಆಸೆಯುಳ್ಳ ಹುಡುಗ ಹುಡುಗಿಯರಲ್ಲಿ ನನ್ನ ವಿನಂತಿ ಇಷ್ಟೆ: ವರ್ನ್, ಅಸಿಮೋವ್, ಹೈನ್‌ಲೈನ್‌ರನ್ನು ಓದಿ, ಜೊತೆಗೆ ಧಾರವಾಡ ಜಿಲ್ಲೆಯ ಹಳೆಯ ಗೆಜೆಟಿಯರನ್ನೂ ಓದಿ. 1980ರ ಜುಲೈ ಕಂಡ ಹಿರಿಯರು ಇನ್ನೂ ಊರಲ್ಲಿದ್ದಾರೆ. ಅವರಿರುವಾಗಲೇ ಹೋಗಿ ಕೇಳಿ ಬರೆದಿಟ್ಟುಕೊಳ್ಳಿ.