ಎಡಿನ್‌ಬರೋ ನಗರ ಮತಕ್ಷೇತ್ರ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ 1708ರಿಂದ 1885ರವರೆಗೆ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಒಂದೇ ಅಖಂಡ ಕ್ಷೇತ್ರವಾಗಿತ್ತು. 1707ರ ಒಕ್ಕೂಟದಲ್ಲಿ ಸ್ಕಾಟ್ಲೆಂಡಿಗೆ ದೊರೆತ 45 ಸ್ಥಾನಗಳಲ್ಲಿ ಪಟ್ಟಣಗಳ ಪಾಲು 15. ಉಳಿದ ಪಟ್ಟಣಗಳು ಗುಂಪುಗೂಡಿ ಒಬ್ಬೊಬ್ಬ ಸದಸ್ಯನನ್ನು ಆರಿಸಬೇಕಿತ್ತು. ಎಡಿನ್‌ಬರೋಗೆ ಮಾತ್ರ ಸ್ವಂತ ಸ್ಥಾನವಿತ್ತು. ಆದರೆ ಈ ಹಿರಿಮೆ ನಗರಸಭೆಯದೇ ಹೊರತು ನಾಗರಿಕರದಲ್ಲ, ಏಕೆಂದರೆ 1832ರವರೆಗೂ ಮತ ಹಾಕಿದವರು ಸಭೆಯ 33 ಸದಸ್ಯರು ಮಾತ್ರ. ವರ್ತಕರಿಗೂ ಕುಶಲಕರ್ಮಿಗಳ ಸಂಘಗಳಿಗೂ ಸಭೆಯಲ್ಲಿ ಜಾಗವಿದ್ದುದರಿಂದ ಊರಿನ ದನಿ ಅಲ್ಲಿತ್ತು ಎಂದು ವಾದಿಸಬಹುದು. ಈ ವಾದ ನಿಲ್ಲುವುದಿಲ್ಲ. 1469ರ ಕಾಯಿದೆಯ ಕಾಲದಿಂದ ಹಳೆಯ ಸಭೆಯೇ ಹೊಸದನ್ನು ಆರಿಸುತ್ತ ಬಂದಿತ್ತು. ತಪ್ಪಿದವರನ್ನು ಕೆಳಗಿಳಿಸುವ ದಾರಿ ಜನರಿಗಿರಲಿಲ್ಲ. 1831ರ ಮೇ ತಿಂಗಳಲ್ಲಿ ಊರು ಸುಧಾರಣಾವಾದಿ ಫ್ರಾನ್ಸಿಸ್ ಜೆಫ್ರಿಯ ಪರವಾಗಿದ್ದರೂ ಸಭೆ 17–14 ಮತಗಳಿಂದ ರಾಬರ್ಟ್ ಆಡಮ್ ಡಂಡಾಸ್‌ನನ್ನು ಆರಿಸಿತು. ಬೀದಿಗಳಲ್ಲಿ ಗಲಭೆಯೆದ್ದಿತು.

1832ರ ಸುಧಾರಣೆ 10 ಪೌಂಡ್ ಮೌಲ್ಯದ ಮನೆಯುಳ್ಳ ಗಂಡಸರಿಗೆ ಮತವನ್ನೂ ನಗರಕ್ಕೆ ಎರಡು ಸ್ಥಾನಗಳನ್ನೂ ಕೊಟ್ಟಿತು, ಜೆಫ್ರಿ ಗೆದ್ದ. ವಿಸ್ತೃತ ಮತದಾರವರ್ಗ ಚಂಚಲವೆಂಬ ಆಕ್ಷೇಪಕ್ಕೆ ಮೆಕಾಲೆಯ ಸೋಲನ್ನು ಉದಾಹರಿಸುವುದುಂಟು. ಭಾರತೀಯ ದಂಡಸಂಹಿತೆಯ ಕರಡಿನ ಈ ಕರ್ತೃ ಐರ್ಲೆಂಡಿನ ಕ್ಯಾಥೊಲಿಕ್ ಗುರುಕುಲದ ಅನುದಾನವನ್ನು ಬೆಂಬಲಿಸಿ 1847ರಲ್ಲಿ ಸೋತದ್ದು ನಿಜ. ಅದೇ ಮತದಾರರು 1852ರಲ್ಲಿ, ಆತ ಪ್ರಚಾರಕ್ಕೇ ಬಾರದಿದ್ದರೂ, ಮತ್ತೆ ಗೆಲ್ಲಿಸಿದರು. ತೀರ್ಪನ್ನು ತಿದ್ದಿಕೊಳ್ಳುವ ಈ ಅವಕಾಶವೇ ಹಳೆಯ ಪದ್ಧತಿಯಲ್ಲಿ ಇಲ್ಲದಿದ್ದದ್ದು. 1885ರಲ್ಲಿ ಕ್ಷೇತ್ರವನ್ನು ನಾಲ್ಕಾಗಿ ವಿಭಜಿಸಲಾಯಿತು.