ಹಿಂಬದಿಯ ಎರಡು ತೂತು

ಪರಶುರಾಂಪುರ ಮಳೆಯನ್ನೂ ಶೇಂಗಾವನ್ನೂ ನಂಬಿ ಬದುಕುವ ಸೀಮೆ. ಇಂಥ ಕಡೆ ವಾಲ್ವ್ ರೇಡಿಯೋ ಕೊಳ್ಳಬೇಕಾದರೆ ಬೆಳೆ ಕೈಹಿಡಿದಿರಬೇಕಿತ್ತು. ಮೇಲಿಂದ ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಹಾಗಾಗಿ ನಮ್ಮ ಹಿರಿಯರು ಅದನ್ನು ಮಕ್ಕಳ ಕಾಲಕ್ಕೂ ಉಳಿಯಬೇಕಾದ ಸೊತ್ತೆಂದೇ ಎಣಿಸಿದ್ದರು. ಇಂದು ಸಾವಿರಾರು ರೂಪಾಯಿಯ ಸ್ಪೀಕರ್ ತರುವ ನಾವು ಆ ಎಣಿಕೆಯನ್ನೇ ಬಿಟ್ಟಿದ್ದೇವೆ.

ರೇಡಿಯೋಗಿಂತ ಮುಂಚೆ ಗ್ರಾಮೋಫೋನ್ ಇತ್ತು. 1902ರಲ್ಲಿ ಕಲ್ಕತ್ತದಲ್ಲಿ ಅದಕ್ಕೆ ಹಾಡಿದ ಮೊದಲಿಗರಲ್ಲಿ ಗೌಹರ್ ಜಾನ್ ಒಬ್ಬರು. 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಆಕೆ 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಆ ಕಾಲದ ಅರಗಿನ ತಟ್ಟೆ ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು. ಕೀಲಿ ತಿರುಗಿಸಿದರೆ ಸಾಕು, ಕರೆಂಟು ಬೇಡ. ಉಕ್ಕಿನ ಸೂಜಿಯನ್ನು ಮಾತ್ರ ಪ್ರತಿಸಲ ಬದಲಿಸಬೇಕಿತ್ತು. ಅಗ್ಗದ ಸೂಜಿ ತಾನು ಸವೆದು ದುಬಾರಿ ತಟ್ಟೆಯನ್ನು ಕಾಯುತ್ತಿತ್ತು. ಆದರೆ 1948ರಲ್ಲಿ ಸಣ್ಣ ಗೀರಿನ ಎಲ್‌ಪಿ ಬಂದಾಗ ಹಳೆಯ ಯಂತ್ರ ಸೋತಿತು. ಅದರ ಭಾರದ ಸೂಜಿ ಹೊಸ ತಟ್ಟೆಯನ್ನು ಹಾಳುಮಾಡುತ್ತಿತ್ತು.

ವಾಲ್ವ್ ರೇಡಿಯೋ ಹಾಗೆ ಸೋಲಲಿಲ್ಲ. ವಾಲ್ವ್ ಸುಟ್ಟರೆ ಕಿತ್ತು ಬೇರೊಂದನ್ನು ಸಿಕ್ಕಿಸಬಹುದು. ಕಾಗದದ ಕೆಪಾಸಿಟರ್ ಕೆಟ್ಟರೆ ಹೊಸದನ್ನು ಬೆಸುಗೆ ಹಾಕಬಹುದು. ಎಷ್ಟೋ ರೇಡಿಯೋಗಳ ಹಿಂಬದಿಯಲ್ಲಿ ಗ್ರಾಮೋಫೋನಿನ ಪಿಕಪ್ ಜೋಡಿಸಲು ಎರಡು ತೂತುಗಳೂ ಇದ್ದವು. ಕಟ್ಟಿದವರು ಮುಂದೆ ಬರುವುದಕ್ಕೂ ಬಾಗಿಲು ಬಿಟ್ಟಿದ್ದರು. ಅದೇ ತೂತಿಗೆ ಟೇಪ್‌ರೆಕಾರ್ಡರ್ ಜೋಡಿಸಬಹುದಿತ್ತು, ಇಂದು ಮೊಬೈಲನ್ನೂ ಜೋಡಿಸಬಹುದು. ಕೆಲವು ಬಗೆಯ ಸೆಟ್ಟುಗಳ ಲೋಹದ ಚೌಕಟ್ಟಿನಲ್ಲೇ ಕರೆಂಟು ಹರಿಯುವುದರಿಂದ ಬಲ್ಲವರಿಗೆ ತೋರಿಸದೆ ಕೈಹಾಕಬಾರದು. ಎಫ್‌ಎಂ ಹಿಡಿಯದ ಮುದಿ ಪೆಟ್ಟಿಗೆಯೂ ಹೀಗೆ ಹಾಡೀತು.

ಹೊಸ ಕಾಲದ ಪೆಟ್ಟಿಗೆಯ ಆಯುಷ್ಯ ಅದರೊಳಗಿನ ಸಾಫ್ಟ್‌ವೇರಿನ ಕೈಯಲ್ಲಿದೆ. ಸೋನೋಸ್ ಎಂಬ ಅಮೆರಿಕದ ಕಂಪನಿ 2020ರ ಮೇ ತಿಂಗಳಿಂದ ತನ್ನ ಕೆಲವು ಹಳೆಯ ಸಾಧನಗಳಿಗೆ ಹೊಸ ಸೌಲಭ್ಯ ಕೊಡುವುದನ್ನು ನಿಲ್ಲಿಸಿತು. ಅವು ಕೆಟ್ಟಿರಲಿಲ್ಲ, ಹಾಡುತ್ತಲೇ ಇದ್ದವು. ಮುಂದಕ್ಕೆ ಬೆಳೆಯುವ ದಾರಿ ಮಾತ್ರ ಮುಚ್ಚಿತು.

ಆದ್ದರಿಂದ ದುಬಾರಿಯಾದುದು ಬಾಳಿಕೆ ಬರುತ್ತದೆಂಬುದು ಅರ್ಧ ಸತ್ಯ. ಬಿಚ್ಚಲು ಬರುವುದು, ಬಿಡಿಭಾಗ ಸಿಗುವುದು, ಬೇರೊಂದನ್ನು ಜೋಡಿಸಲು ಎಡೆಯಿರುವುದು ಬಾಳುತ್ತದೆ. ಆಂಪ್ಲಿಫೈಯರ್, ಸ್ಪೀಕರ್ ಬೇರೆಬೇರೆಯಾಗಿದ್ದರೆ ಕೆಟ್ಟದ್ದೊಂದನ್ನೇ ಬದಲಿಸಿದರಾಯಿತು. ಒಂದು ಭಾಗ ಕೆಟ್ಟಿತೆಂದು ಇಡೀ ವಸ್ತುವನ್ನೇ ಎಸೆಯುವುದು ನಮ್ಮ ಹಿರಿಯರ ಮಾತಿನಲ್ಲಿ ಇಸ್ರಾಫ್, ದುಂದು. ಇಷ್ಟೆಲ್ಲ ಇದ್ದೂ ಬಿಚ್ಚುವ ಕೈ ಇಲ್ಲದಿದ್ದರೆ ಫಲವಿಲ್ಲ. ಊರಿನ ರಿಪೇರಿ ಅಂಗಡಿಗೆ ಕೆಲಸ ಕೊಡದೆ ಅದು ಮುಚ್ಚಿಹೋದರೆ ಅಟ್ಟದ ಮೇಲಿನ ಪೆಟ್ಟಿಗೆಯೂ ಅದರೊಂದಿಗೇ ಮೂಕವಾಗುತ್ತದೆ.