ಬೀಸುವ ಕಲ್ಲಿನ ಪದಗಳು

ಹಿಟ್ಟಿನ ಗಿರಣಿಗಳು ಹಳ್ಳಿಗಳಿಗೆ ಬರುವುದಕ್ಕೆ ಮುಂಚೆ, ನಮ್ಮ ಬಯಲುಸೀಮೆಯಲ್ಲಿ ಬೆಳಗಾಗುತ್ತಿದ್ದುದು ಬೀಸುವ ಕಲ್ಲಿನ ಸದ್ದಿನೊಡನೆ. ಜೋಳದ ಹಿಟ್ಟು ಹಳತಾದರೆ ಅದರ ಜಿಗಿ ಹೋಗುತ್ತದೆ. ಜಿಗಿ ಹೋದ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಒಡೆಯುತ್ತದೆ. ಆದುದರಿಂದ ಅಂದಿನ ಹಿಟ್ಟನ್ನು ಅಂದೇ ಬೀಸಿಕೊಳ್ಳಬೇಕಾಗಿತ್ತು. ಆ ಕೆಲಸ ಮನೆಯ ಹೆಣ್ಣುಮಕ್ಕಳದು, ಅವರಲ್ಲಿಯೂ ವಿಶೇಷವಾಗಿ ಸೊಸೆಯಂದಿರದು. ಕೋಳಿ ಕೂಗುವ ಹೊತ್ತಿಗೆ ಎದ್ದು, ಕಲ್ಲಿನ ಮುಂದೆ ಕಾಲು ಚಾಚಿ ಕುಳಿತು, ಒಂದು ಕೈಯಿಂದ ಗೂಟ ಹಿಡಿದು ತಿರುವುತ್ತ, ಮತ್ತೊಂದು ಕೈಯಿಂದ ಕಲ್ಲಿನ ಬಾಯಿಗೆ ಹಿಡಿ ಹಿಡಿಯಾಗಿ ಕಾಳು ಹಾಕುತ್ತ, ಊರು ಏಳುವುದರೊಳಗೆ ಮನೆಮಂದಿಗೆಲ್ಲ ಸಾಲುವಷ್ಟು ಹಿಟ್ಟನ್ನು ಅವರು ಒಟ್ಟುತ್ತಿದ್ದರು, ಒಟ್ಟುತ್ತ ಹಾಡುತ್ತಿದ್ದರು.

ಹಾಡಿನ ಅಚ್ಚು ತ್ರಿಪದಿ. ಇಬ್ಬರು ಎದುರುಬದುರಾಗಿ ಕುಳಿತಾಗ ಒಬ್ಬಳು ಸೊಲ್ಲೆತ್ತುವಳು, ಮತ್ತೊಬ್ಬಳು ದನಿಗೂಡಿಸುವಳು. ಎರಡನೆಯ ಸಾಲನ್ನು ಮರಳಿ ಹಾಡಿ ಮೂರನೆಯದಕ್ಕೆ ಇಳಿಯುವ ಆ ಕ್ರಮದಲ್ಲಿ, ಮುಂದಿನ ಮಾತನ್ನು ಕಟ್ಟಿಕೊಳ್ಳಲು ಹಾಡುವವಳಿಗೆ ಒಂದೆರಡು ಸುತ್ತಿನ ಬಿಡುವು ದೊರಕುತ್ತಿತ್ತು. ಈ ಛಂದಸ್ಸಿನ ಪ್ರಾಚೀನತೆ ಅಲ್ಪವಲ್ಲ. ಬಾದಾಮಿಯ ಬಂಡೆಯ ಮೇಲಿರುವ, ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಎಂಬ ಹಾಡುಗಳನ್ನು ಹಾಡುವುದನ್ನು ಹೇಳಿದ್ದಾನೆ. ಅದೇ ಶತಮಾನದ ಶರಣೆಯರಲ್ಲಿ ಕೊಟ್ಟಣ ಕುಟ್ಟಿ ಜೀವಿಸಿದ ಸೋಮಮ್ಮ ಒಬ್ಬಳು. ಅವಳ ಕಾಯಕವೇ ಅವಳ ಹೆಸರಿನ ಭಾಗವಾಗಿ ಉಳಿದಿದೆ. ದುಡಿಮೆಗೂ ನುಡಿಗೂ ಈ ನಾಡಿನಲ್ಲಿದ್ದ ನಂಟು ಹೀಗೆ ಬಹು ಹಿಂದಿನದು.

ಆ ಪದಗಳಲ್ಲಿ ಇದ್ದುದಾದರೂ ಏನು? ಮೊದಲು ದೇವರ ಸ್ಮರಣೆ, ಬಳಿಕ ತವರು. ಹಡೆದವ್ವನ ಹಂಬಲ, ಪಂಚಮಿಗೆ ಕರೆಯಲು ಬರಬೇಕಾದ ಅಣ್ಣನ ದಾರಿ ಕಾಯುವ ತಳಮಳ, ತೊಟ್ಟಿಲ ಕೂಸಿನ ಮೇಲಿನ ಮೋಹ, ಬಂಜೆಯೆಂಬ ಮಾತಿನ ಉರಿ, ಸೂಳೆಯ ಮನೆಗೆ ಹೋಗುವ ಗಂಡನ ಮೇಲಿನ ಮುನಿಸು, ಆ ಮುನಿಸಿನ ಅಡಿಯಲ್ಲಿಯೇ ಆರದ ಒಲವು. ಅಣ್ಣ ಬಾರದೆ ಹೋದರೂ ತಂಗಿ ಅವನ ಮನೆ ಹಾಲುಂಡು ಬಾಳಲೆಂದು ಹರಸುತ್ತಾಳೆ. ಆ ಹರಕೆಯಲ್ಲಿ ಪ್ರೀತಿಯೆಷ್ಟು, ನೋವೆಷ್ಟು ಎಂದು ಬೇರ್ಪಡಿಸಲು ಹೊರಟ ವಿಮರ್ಶಕನಿಗೆ ಕೊನೆಗೆ ಎರಡೂ ದಕ್ಕಲಾರವು.

ನನ್ನನ್ನು ಬಹಳ ದಿನಗಳಿಂದ ಕಾಡಿದ ವಿಷಯ ಬೇರೊಂದಿದೆ. ಹಗಲಿನಲ್ಲಿ ಅತ್ತೆಯ ಎದುರಿಗೆ ತಲೆಯೆತ್ತಿ ಒಂದು ಮಾತನಾಡಿದರೆ ಬಜಾರಿಯೆನಿಸಿಕೊಳ್ಳುತ್ತಿದ್ದ ಸೊಸೆ, ನಸುಕಿನಲ್ಲಿ ಅದೇ ಅತ್ತೆಯ ಕಿವಿಗೆ ಬೀಳುವಂತೆ ತನ್ನ ದುಃಖವನ್ನೆಲ್ಲ ಹಾಡಿಕೊಂಡರೂ ಯಾರೂ ತಡೆಯುತ್ತಿರಲಿಲ್ಲ. ಏಕೆಂದರೆ ಹಾಡು ನಿಂತರೆ ಕಲ್ಲು ನಿಧಾನವಾಗುತ್ತಿತ್ತು, ಕಲ್ಲು ನಿಧಾನವಾದರೆ ಮನೆಯ ಊಟ ತಡವಾಗುತ್ತಿತ್ತು. ಅದಲ್ಲದೆ ಪದವು ಊರಿನ ಪದ. ಅದರೊಳಗಿನ ಅತ್ತೆ ಯಾವ ಮನೆಯ ಅತ್ತೆಯೆಂದು ಯಾರು ಕೇಳಬೇಕು? ಆ ಅತ್ತೆಯೂ ಒಂದು ಕಾಲಕ್ಕೆ ಅದೇ ಗೂಟ ಹಿಡಿದು ಅದೇ ಪದ ಹಾಡಿದವಳಲ್ಲವೇ? ಹೀಗೆ ದುಡಿಮೆಯು ದೇಹವನ್ನು ದಣಿಸುತ್ತಲೇ ನಾಲಗೆಗೆ ಸ್ವಾತಂತ್ರ್ಯವನ್ನು ಕೊಟ್ಟಿತು.

ಹಾಡಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಪದಗಳಾದರೂ ಉಳಿದುದು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರ ಶ್ರದ್ಧೆಯಿಂದ. 1931ರಲ್ಲಿ ‘ಗರತಿಯ ಹಾಡು’ ಅಚ್ಚಾದಾಗ, ಅಕ್ಷರವರಿಯದ ಹೆಂಗಸರ ಬಾಯಲ್ಲಿ ಇಂಥ ಕಾವ್ಯವಿತ್ತೆಂಬುದು ಓದಿದವರ ಲೋಕಕ್ಕೆ ತಿಳಿಯಿತು.

ಗಿರಣಿ ಬಂದುದು ಕೇಡೆಂದು ನಾನು ಹೇಳಲಾರೆ. ಬಸುರಿ ಬಾಣಂತಿಯರೆನ್ನದೆ ರಟ್ಟೆ ಸೋಲಿಸುತ್ತಿದ್ದ ಕೆಲಸವದು. ಅದನ್ನು ನೆನೆದು ಹಾಡು ಹೋಯಿತಲ್ಲಾ ಎಂದು ಮರುಗುವವನು, ಅಂಗೈಯ ಬೊಬ್ಬೆ ತನ್ನದಲ್ಲದ ಕಾರಣದಿಂದಲೇ ಹಾಗೆ ಮರುಗುತ್ತಾನೆ. ಆದರೆ ಕಲ್ಲಿನೊಡನೆ ಕೆಲಸವೊಂದೇ ಹೋಗಲಿಲ್ಲ. ನೊಂದವಳು ನೊಂದೆನೆಂದು ಹೇಳಿಕೊಳ್ಳಲು ಸಮಾಜವೇ ಒಪ್ಪಿ ಬಿಟ್ಟಿದ್ದ ಒಂದು ಹೊತ್ತೂ ಹೋಯಿತು, ಕೇಳುವ ಜೊತೆಗಾತಿಯೂ ಹೋದಳು. ಬಾಳಿನ ಅರ್ಥವನ್ನು ಒಂಟಿಯಾಗಿ ಕುಳಿತು ಚಿಂತಿಸುವ ವಿರಾಮ ಆ ಹೆಂಗಸರಿಗೆ ಇರಲಿಲ್ಲ. ಆ ಅರ್ಥವನ್ನು ಅವರು ಕೆಲಸದ ನಡುವೆ ಇಬ್ಬರ ದನಿಯಲ್ಲಿ ಕಂಡುಕೊಂಡರು. ಅವರ ಕಷ್ಟವನ್ನು ನೀಗಿಸಿದ ನಾವು ಆ ಮಾತಿಗೆ ಬೇರೊಂದು ಹೊತ್ತನ್ನು ಹೊಂದಿಸಿಕೊಡಬೇಕಾಗಿತ್ತು. ಸುಧಾರಣೆಯ ಆ ಅರ್ಧಭಾಗ ಇನ್ನೂ ನಮ್ಮ ಮೇಲೆ ಬಾಕಿ ನಿಂತಿದೆ.